ಪೆನ್ ಬಂದ್

ನಮ್ಮ ಚಿತ್ರದ ಸಂಭಾಷಣೆಕಾರರು ಕಲಬುರಗಿಯ ಮೋಮಿನಪುರದವರು. ಲೇಖಕರ ಮುಷ್ಕರ ಶುರುವಾದ ದಿನವೇ ಪೆನ್ನಿಗೆ ರಬ್ಬರ್ ಬ್ಯಾಂಡ್ ಸುತ್ತಿ ಜೇಬಿಗಿಟ್ಟರು. ಆದರೂ ಚಿತ್ರೀಕರಣ ನೋಡಲು ದಿನಾ ಕಮಲಾಪುರದ ಬಾಳೆತೋಟಕ್ಕೆ ನಮಗಿಂತ ಮೊದಲೇ ಬಂದಿರುತ್ತಿದ್ದರು. ಏನು ಕೇಳಿದರೂ ಜೇಬು ತಟ್ಟಿ, "ಪೆನ್ ಬಂದ್ ಅದ ರೀ" ಎನ್ನುತ್ತಿದ್ದರು.

ಅವತ್ತು ತಾಯಿಯ ಪಾತ್ರದ ಹಿರಿಯ ನಟಿಯ ಚಿತ್ರೀಕರಣದ ಕೊನೆಯ ದಿನ. ಜಗಳವಾಡಿ ಹೋದ ಮಗ ಮರಳಿ ಬರುವ ದೃಶ್ಯ. ತಾಯಿಯ ಮಾತು ಮಾತ್ರ ಇನ್ನೂ ಬರೆದಿರಲಿಲ್ಲ. ಸಹಾಯಕ ನಿರ್ದೇಶಕನಾಗಿದ್ದ ನಾನು ಉಪಾಯ ಹೂಡಿದೆ. "ನೀವು ಬರೀಬ್ಯಾಡ್ರಿ ಸರ. ನೀವು ಸಿಟ್ಟು ಮಾಡ್ಕೊಂಡು ಹೋಗಿ ಮನಿಗೆ ವಾಪಸ್ ಬಂದ್ರ ನಿಮ್ಮ ಅಮ್ಮಿ ಏನಂತಿದ್ರು, ಅಷ್ಟು ಹೇಳ್ರಿ ಸಾಕು."

ಬಾಯಿ ತೆರೆದವರು ಥಟ್ಟನೆ ಅಂಗೈ ಅಡ್ಡ ಹಿಡಿದರು. "ಪೆನ್ ಬಂದ್ ಅಂದ್ರ ಅಮ್ಮಿ ಬಾಯೂ ಬಂದ್ ರೀ!"

ನಿರ್ದೇಶಕರು ಸಿಟ್ಟಿನಲ್ಲೇ ಕ್ಯಾಮೆರಾ ಓಡಿಸಿದರು. ಹೇಳಲು ಸಂಭಾಷಣೆಯೇ ಇಲ್ಲದ ಆ ನಟಿ ಮಗನನ್ನೇ ನೋಡಿದರು. ಕೆಂಪು ಬಾಳೆಹಣ್ಣೊಂದನ್ನು ಸುಲಿದು, ಅರ್ಧ ಮುರಿದು, ಅವನ ಬಾಯಿಗಿಟ್ಟರು. ತೋಟದ ತುಂಬ ಶಿಳ್ಳೆಯೋ ಶಿಳ್ಳೆ! ಎಲ್ಲರಿಗಿಂತ ಮೊದಲು ಎದ್ದು ಕುಣಿದವರು ಸಂಭಾಷಣೆಕಾರರೇ.

ಮುಷ್ಕರ ಮುಗಿದ ದಿನ ಅವರು ಮೊದಲು ಕೇಳಿದ್ದು ಆ ದೃಶ್ಯದ ಖಾಲಿ ಹಾಳೆಯನ್ನು. ರಬ್ಬರ್ ಬ್ಯಾಂಡ್ ಬಿಚ್ಚಿ, "ತಾಯಿ ಮಾತಾಡುವುದಿಲ್ಲ" ಎಂದು ಬರೆದು, ಕೆಳಗೆ ದೊಡ್ಡದಾಗಿ ಸಹಿ ಹಾಕಿದರು.