ಬಿರಡೆಯಿಲ್ಲದ ಬಾಟಲಿ

ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯುವ ಅಧಿಕಾರ ಗೃಹಸ್ಥನಾದ ನನ್ನದು. ಅಂದರೆ, ಮೊದಲು ನಾನು ಹಲ್ಲು ಕಚ್ಚಿ, ಮುಖ ಕೆಂಪಾಗುವ ತನಕ ಅದನ್ನು ತಿರುಚಬೇಕು. ಆಮೇಲೆ ನನ್ನಾಕೆ ಸೆರಗಿನಂಚಿನಲ್ಲಿ ಹಿಡಿದು, ಬೇರೇನೋ ಮಾತನಾಡುತ್ತಲೇ ತೆರೆದು, “ನೀವೇ ಸಡಿಲ ಮಾಡಿಟ್ಟಿದ್ರಿ ಬಿಡಿ” ಎಂದು ನನ್ನ ಮಾನ ಕಾಯಬೇಕು. ಇಂಥ ಘನ ಅನುಭವವುಳ್ಳ ನನ್ನನ್ನು ನಮ್ಮ ಬಂಧುವರ್ಗವು ವೈನ್ ಬಾಟಲಿಯ ಪರಿಣತನೆಂದು ನಂಬಿತ್ತೆಂದರೆ, ಓದುಗ ಮಹಾಶಯರೇ, ತಪ್ಪು ಪೂರ್ತಿ ನನ್ನದಲ್ಲ, ಅರ್ಧ ಗೋವಾದ್ದು. ದೊಡ್ಡಬಳ್ಳಾಪುರದಲ್ಲಿ ಮೇಷ್ಟ್ರಾಗಿದ್ದ ಕಾಲದಲ್ಲಿ ಸಹೋದ್ಯೋಗಿಗಳೊಂದಿಗೆ ಅಲ್ಲಿಗೆ ಹೋಗಿದ್ದಾಗ, ಪಕ್ಕದ ಮೇಜಿನಲ್ಲಿ ಯಾರೋ ಬಿರಡೆ ಕೀಳಿಸಿ, ಮೂಸಿ, ತಲೆದೂಗಿದ್ದನ್ನು ಕಂಡಿದ್ದೆ. ನಾನು ಕುಡಿದದ್ದು ಕೋಕಂ ಶರಬತ್ತು. ಆದರೆ ಆ ದೃಶ್ಯವನ್ನು ಮದುವೆ ಮುಂಜಿಗಳಲ್ಲಿ ಬಣ್ಣಿಸುತ್ತ ಬಣ್ಣಿಸುತ್ತ, ಆ ಮೂಗು ಯಾವಾಗಲೋ ನನ್ನದೇ ಆಗಿಬಿಟ್ಟಿತ್ತು.

ಹಾಗಾಗಿಯೇ ಬೂದಿಗೆರೆಯಿಂದ ನಮ್ಮಕ್ಕ ಫೋನು ಮಾಡಿದಳು. ಅವಳ ಗಂಡ, ಅಂದರೆ ನಮ್ಮ ಭಾವ ನಂಜೇಗೌಡರದು ನೀಲಿ ದ್ರಾಕ್ಷಿಯ ತೋಟ. ಕಲ್ಲುಕಂಬ ನೆಟ್ಟು, ತಂತಿ ಎಳೆದು, ಮಕ್ಕಳಿಗಿಂತ ಹೆಚ್ಚು ಮುದ್ದಿನಿಂದ ಬೆಳೆಸಿದ ಚಪ್ಪರ. ಪಕ್ಕದಲ್ಲಿ ಮದುವೆ ಮಂಟಪವೊಂದು ಎದ್ದು, ಅದರ ಮಾಲೀಕ ಆ ನೆಲವನ್ನು ಕಾರು ನಿಲ್ಲಿಸಲು ಬಾಡಿಗೆಗೆ ಕೇಳಿದ್ದ. ಮಂಡಿಯ ಏರಿಳಿತಕ್ಕೆ ಬೇಸತ್ತಿದ್ದ ಭಾವ ಸೋಮವಾರ ಚಪ್ಪರ ಕೆಡವಲು ಜೆಸಿಬಿಗೂ ಹೇಳಿಬಿಟ್ಟಿದ್ದರು. ಅಷ್ಟರಲ್ಲಿ, ಹಿಂದಿನ ಫಸಲು ಕೊಂಡ ವೈನ್ ಕಂಪನಿಯವರು, ನಿಮ್ಮ ತೋಟದ ಹಣ್ಣಿನ ಬಾಟಲಿ ತಯಾರಾಗಿದೆ, ದೇವನಹಳ್ಳಿ ರಸ್ತೆಯ ನಮ್ಮ ಹೋಟೆಲಿಗೆ ಬಂದು ರುಚಿ ನೋಡಿ ಎಂದು ಕರೆದಿದ್ದರು.

“ಮನ್ಸು ತಡೀದೆ ಹೊರಟವ್ರೆ ಕಣೋ. ಅದೇನಾಯ್ತೂಂತ ಒಂದ್ಸಲ ನೋಡ್ಬಿಟ್ಟು ಕೀಳುಸ್ತೀನಿ ಅಂತಾರೆ. ಹೆಂಗಾದ್ರೂ ಮಾಡಿ ಚಪ್ಪರ ಉಳಿಸು. ನೀನು ಗೋವಾ ನೋಡ್ದೋನು” ಎಂದಳು ಅಕ್ಕ.

ಭಾನುವಾರ ಮಧ್ಯಾಹ್ನ ಹೋಟೆಲಿನಲ್ಲಿ ಕುಳಿತೆವು. ಭಾವನದು ಹೊಸ ಬಿಳಿ ಪಂಚೆ, ನನ್ನದು ಹಳೆಯ ಸರ್ವಜ್ಞತ್ವ. ಪಕ್ಕದ ಮೇಜಿಗೆ ಬಂದ ಬಾಟಲಿಯ ಬಿರಡೆಯನ್ನು ಸುರುಳಿ ಕಂಬಿಯಿಂದ ಮೆಲ್ಲಗೆ ಎಳೆದು, ತಟ್ಟೆಯ ಮೇಲಿಟ್ಟು, ನೈವೇದ್ಯದಂತೆ ಒಪ್ಪಿಸಿದರು. ಭಾವ ನನ್ನ ಕಡೆ ನೋಡಿದರು. ನಾನು ‘ಹೇಳಿರಲಿಲ್ಲವೇ’ ಎಂಬಂತೆ ಹುಬ್ಬು ಹಾರಿಸಿದೆ. ನಮ್ಮ ಬಾಟಲಿ ಬಂತು. ಕಪ್ಪು ಕೋಟಿನ ಸಪ್ಲಯರ್ ಅದರ ಕತ್ತು ಹಿಡಿದು ಕರಕ್ಕನೆ ತಿರುವಿದ. ಮುಗಿಯಿತು. ತಗಡಿನ ಮುಚ್ಚಳ.

ಭಾವನ ಮುಖ ಇಳಿದುಹೋಯಿತು. “ಏನ್ ಮೇಷ್ಟ್ರೇ, ಅವ್ರದ್ದಕ್ಕೆ ಬೆಂಡು, ನಮ್ದಕ್ಕೆ ಕೆಮ್ಮಿನ ಔಸ್ದಿ ಮುಚ್ಚಳ. ನಮ್ ಹಣ್ಣು ಅಷ್ಟೇಯಾ?”

“ಹೊಸ ಪದ್ಧತಿ ಭಾವ, ಬಹಳ ವೈಜ್ಞಾನಿಕ” ಎಂದೆ. ವಿಜ್ಞಾನ ಏನೆಂದು ಕೇಳದಿರಲಿ ಎಂದು ಮನೆದೇವರಿಗೆ ಹರಕೆಯನ್ನೂ ಹೊತ್ತೆ.

ಸಪ್ಲಯರ್ ಭಾವನ ಲೋಟಕ್ಕೆ ಒಂದೇ ಒಂದು ಗುಟುಕಾಗುವಷ್ಟು ಸುರಿದು, ಬಾಟಲಿಯನ್ನೆದೆಗಾನಿಸಿ, ಅಲುಗಾಡದೆ ನಿಂತುಬಿಟ್ಟ. ನಮ್ಮ ಕಡೆ ಹೀಗೆ ಅಲುಗಾಡದೆ ನಿಲ್ಲುವವರು ಮದುವೆಮನೆಯ ವಾಲಗದವರು ಮಾತ್ರ. ಭಕ್ಷೀಸು ಬೀಳುವ ತನಕ ಅವರು ಕಿವಿಯ ಬುಡ ಬಿಟ್ಟು ಕದಲುವುದಿಲ್ಲ. ಅರ್ಥವಾಯಿತೆಂಬಂತೆ ನಾನೊಂದು ನೋಟು ಮಡಚಿ ಅವನ ಕೈಗಿಟ್ಟೆ. ಅವನು ಥ್ಯಾಂಕ್ಯೂ ಅಂದ, ಕದಲಲಿಲ್ಲ.

“ಸಾಲ್ದಂತೆ, ಇನ್ನೊಂದು ಕೊಡು. ಇಷ್ಟೇ ಸುರಿದು ನಿಲ್ಸವ್ನೆ ನೋಡು, ಪಕ್ಕಾ ಇದಾನೆ” ಎಂದು ಭಾವ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದರು. ಇನ್ನೊಂದು ಕೊಟ್ಟೆ. ಅವನು ಬೆವರತೊಡಗಿದ, ನಾನಂತೂ ಆಗಲೇ ಬೆವರಿದ್ದೆ.

“ಸಾರ್, ದುಡ್ಡಿಗಲ್ಲ ಸಾರ್” ಎಂದ ಕೊನೆಗೆ, ಬಹಳ ಮೆಲ್ಲಗೆ. “ಯಜಮಾನ್ರು ಕುಡ್ದು ನೋಡಿ ಹೆಂಗೈತೆ ಅಂತ ಹೇಳ್ಬೇಕು. ಅವ್ರು ಹೂಂ ಅನ್ನೋಗಂಟ ನಾನು ಹಾಕಂಗಿಲ್ಲ.”

“ನಾನ್ ಹೇಳ್ಬೇಕಾ?” ಎಂದರು ಭಾವ.

ಆ ಸ್ವರ ನನಗೆ ಹೊಸದು. ಮಂಡಿಯಲ್ಲಿ ಅವರ ಜೊತೆ ನಿಂತವನು ನಾನು. ಅಲ್ಲಿ ಕೊಳ್ಳುವವರು ಇವರ ಗೊಂಚಲಿನಿಂದ ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು, ಮೂತಿ ತಿರುವಿ, ಬೀಜ ಉಗಿದು ಮುಂದೆ ಹೋಗುತ್ತಾರೆ. ಇವರು ಆ ಮೂತಿಯನ್ನೇ ನೋಡುತ್ತ ಕೈಕಟ್ಟಿ ನಿಲ್ಲುತ್ತಾರೆ. ಇಂದು ಅದೇ ಹಣ್ಣಿನ ರಸದ ಮುಂದೆ ಬೇರೊಬ್ಬ ಉಸಿರು ಬಿಗಿಹಿಡಿದು ಇವರ ಮೂತಿ ನೋಡುತ್ತಿದ್ದಾನೆ.

ಭಾವ ಪಂಚೆ ಸರಿಮಾಡಿಕೊಂಡು, ಲೋಟವೆತ್ತಿ, ಕಣ್ಣು ಮುಚ್ಚಿ ಗುಟುಕರಿಸಿದರು. ಮುಖ ಹಿಂಡಿದ ಬಟ್ಟೆಯಾಯಿತು. “ಥೂ, ಹುಳಿ!”

ಅಕ್ಕನಿಗೆ ಯಾವ ಮುಖ ತೋರಿಸಲಿ ಎಂದು ನಾನು ನೆಲ ನೋಡಿದೆ.

“ಬೇರೆ ತರ್ಲಾ ಸಾರ್?” ಎಂದ ಅವನು.

ಭಾವ ತಳದಲ್ಲುಳಿದದ್ದನ್ನೂ ನಾಲಿಗೆಯ ಮೇಲೆ ಹೊರಳಿಸಿದರು. “ಬೇರೇದ್ಯಾಕೆ? ಇದು ನಮ್ದು. ಅವಸರ ಮಾಡಿ ಕೊಯ್ಸಿದ್ರು ಕಣಪ್ಪ, ಇನ್ನೊಂದ್ ವಾರ ಬಳ್ಳೀಲಿ ಬಿಡ್ಬೇಕಿತ್ತು. ಹಾಕು, ಹಾಕು.” ಅವನು ಹಾಕಿದ. ನಮ್ಮ ಕಡೆ ಬಗ್ಗಿ, “ಬೇಗ ಕುಡಿಯೋ ವೈನಿಗೆ ತಗಡೇ ವಾಸಿ ಸಾರ್; ಬೆಂಡು ಕೆಲವು ಸಲ ವಾಸನೆ ಹಿಡಿಸಿಬಿಡ್ತದೆ” ಎಂದೂ ಸೇರಿಸಿದ. ನಾನು ಇದನ್ನೇ ಹೇಳಲಿದ್ದವನಂತೆ ತಲೆಯಾಡಿಸಿದೆ. ಪರಿಣತನಾದ ನಾನು, ಕಾರು ಓಡಿಸಬೇಕೆಂಬ ನೆಪದಲ್ಲಿ, ಆ ದಿನ ಕುಡಿದದ್ದು ನಿಂಬೆ ಸೋಡಾ.

ಊಟದ ಬಿಲ್ಲು ತೆತ್ತು ಮತ್ತೆ ಜೇಬಿಗೆ ಕೈ ಹಾಕಿದಾಗ ಭಾವ ನನ್ನ ಮಣಿಕಟ್ಟು ಹಿಡಿದರು. “ಉಣ್ಣಾಕ್ ಇಕ್ಕಿದೋನಿಗೆ ಎಷ್ಟು ಸಲ ಕಾಸು ತೋರುಸ್ತೀಯ?” ನಮ್ಮ ಪಂಕ್ತಿಯಲ್ಲಿ ಬಡಿಸುವವರು ನೆಂಟರು, ಅವರಿಗೆ ಕಾಸು ಕೊಟ್ಟರೆ ನೆಂಟಸ್ತಿಕೆ ಮುರಿದಂತೆ. ಇಲ್ಲಿ ಅದು ಸಂಬಳದ ಭಾಗ, ಕೊಡದಿದ್ದರೆ ಅನ್ಯಾಯ ಎಂದು ನಾನು ವಿವರಿಸುವಷ್ಟರಲ್ಲಿ ಅವರು ಎದ್ದು ಅವನ ಬಳಿ ನಿಂತಿದ್ದರು.

“ಮೇಷ್ಟ್ರು ಕೊಟ್ಟ ಕಾಸು ನಿಂಗೇ ಇರ್ಲಿ. ಹಣ್ಣಿನ ಕಾಲಕ್ಕೆ ಬೂದಿಗೆರೆಗೆ ಬಾ, ಹೆಂಡ್ರು ಮಕ್ಳನ್ನೂ ಕರ್ಕೊಂಬಾ. ನಂಜೇಗೌಡ್ರ ತೋಟ ಅಂದ್ರೆ ಯಾರಾದ್ರೂ ತೋರುಸ್ತಾರೆ. ಈ ಸಲ ಒಂದ್ ವಾರ ತಡೆದೇ ಕೊಯ್ಯೋದು. ಚಪ್ಪರದಡೀಲಿ ನಿಂತ್ಕೊಂಡು ತಿನ್ನೀವಂತೆ.”

ನಾನು ಕಾರಿನ ಬೀಗದ ಕೈಯನ್ನು ಹಿಡಿದು ಬಾಗಿಲಲ್ಲೇ ನಿಂತೆ. ನಾಳೆ ಕೆಡವುವ ಚಪ್ಪರದಡಿಗೆ ಯಾರೂ ನೆಂಟರನ್ನು ಕರೆಯುವುದಿಲ್ಲ.