ಸಂಜೆಯ ಕ್ಯಾಲಿಬ್ರೇಷನ್

ಮಗಳು ಪೂರ್ವಾಳ ಎದೆಯೊಳಗೆ ಹೋಗುವ ಗಾಳಿಯಲ್ಲಿ ತಾನು ಬಿಟ್ಟ ಹೊಗೆ ಎಷ್ಟಿರಬಹುದು ಎಂಬ ಯೋಚನೆ ನೀಲಿಮಾಳ ತಲೆಯಿಂದ ಹೋಗುತ್ತಲೇ ಇರಲಿಲ್ಲ. ಹಾಲು ಕಾಯಿಸುವಾಗ, ಪುಣೆಯ ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ಕಂಪನಿಯ ಕ್ಯಾಬು ನಿಂತಲ್ಲೇ ನಿಂತಾಗ, ಮಗಳಿಗೆ ಜಡೆ ಹಾಕುವಾಗ, ಅದೇ ಯೋಚನೆ. ಅರ್ಧ ಪಾಲು ಅಂದುಕೊಂಡರೆ ಎದ್ದು ಹೋಗಿ ಮಗಳ ಎದೆಗೆ ಕಿವಿಯಿಟ್ಟು ಬರುತ್ತಿದ್ದಳು. ಎಳ್ಳಷ್ಟೇ ಅಂದುಕೊಂಡರೂ ಸಮಾಧಾನವಾಗುತ್ತಿರಲಿಲ್ಲ. ಏನೂ ಇಲ್ಲದೆಯೂ ಇರಬಹುದು ಎಂದು ತನ್ನನ್ನು ತಾನೇ ನಂಬಿಸಿಕೊಂಡ ದಿನ ಮಾತ್ರ ನಾಲ್ಕು ತುತ್ತು ಸೇರುತ್ತಿತ್ತು. ಆದರೆ ಆ ದಿನವೂ ಸಂಜೆಯಾಗುತ್ತಿತ್ತು, ಸಂಜೆ ಫೋನು ಬರುತ್ತಿತ್ತು.

ಹಾಗೆ ನೋಡಿದರೆ ಅವಳ ಮನೆಯಲ್ಲಿ ಹೊಗೆ ಎಂಬ ಮಾತೇ ಇರಲಿಲ್ಲ. ದೇವರ ಮುಂದೆ ಊದಿನಕಡ್ಡಿ ಹಚ್ಚುವುದನ್ನು ಬಿಟ್ಟಿದ್ದಳು. ಒಗ್ಗರಣೆಗೆ ಮೆಣಸಿನಕಾಯಿ ಹಾಕುವ ಮುಂಚೆ ಮಗಳನ್ನು ಒಳಕೋಣೆಗೆ ಕಳಿಸಿ ಬಾಗಿಲು ಹಾಕುತ್ತಿದ್ದಳು. ಅವಳು ಬಿಡುತ್ತಿದ್ದದ್ದು ಎಲ್ಲೋ ದೂರದ ಚಿಮಣಿಯ ಹೊಗೆ; ಅದೂ ಆಫೀಸಿನಿಂದ ಬಂದ ಮೇಲೆ, ನಿಗಡಿಯ ಮನೆಯಲ್ಲಿ, ಊಟದ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದು ಬಟನ್ ಒತ್ತಿ.

ಕೆಲಸವೇ ಹಾಗಿತ್ತು. ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಸ್ಥಾವರಗಳ ಚಿಮಣಿಯಲ್ಲಿ ಅಳೆಯುವ ಯಂತ್ರವೊಂದು ಇರುತ್ತದೆ. ಹೊಗೆಯಲ್ಲಿ ಯಾವ ಅನಿಲ ಎಷ್ಟಿದೆ ಎಂದು ಅದು ಹಗಲೂ ರಾತ್ರಿ ಹೇಳುತ್ತಲೇ ಇರುತ್ತದೆ. ಆ ಅಂಕಿಗಳು ಹಿಂಜವಾಡಿಯಲ್ಲಿರುವ ನೀಲಿಮಾಳ ಕಂಪನಿಗೆ ಬಂದು, ಅಲ್ಲಿಂದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗುತ್ತವೆ. ನೈಟ್ರೋಜನ್ ಆಕ್ಸೈಡು ಮಿತಿ ದಾಟಿತೆಂದರೆ, ಯಾರೂ ಕೈ ಹಚ್ಚಬೇಕಾಗಿಲ್ಲ, ಮಂಡಳಿಯ ಅಧಿಕಾರಿಯ ಮೊಬೈಲಿಗೆ ತಾನಾಗಿಯೇ ಅಲರ್ಟ್ ಹೋಗುತ್ತದೆ. ಅದಕ್ಕೆ ಇರುವುದು ಒಂದೇ ವಿನಾಯಿತಿ. ಅಳೆಯುವ ಯಂತ್ರ ಸರಿಯಾಗಿ ಓದುತ್ತಿದೆಯೋ ಇಲ್ಲವೋ ಎಂದು ಆಗಾಗ ಪರೀಕ್ಷೆ ಮಾಡಬೇಕು. ಅದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ಆಗ ಸಿಲಿಂಡರಿನಿಂದ ಬೇರೆ ಅನಿಲ ಬಿಡುತ್ತಾರಾದ್ದರಿಂದ ಬರುವ ಅಂಕಿ ಚಿಮಣಿಯದಲ್ಲ. ಸ್ಥಾವರದವರು ಫೋನ್ ಮಾಡಿ ಹೇಳುತ್ತಾರೆ, ನೀಲಿಮಾಳಂಥವರು ಆ ಹೊತ್ತಿನ ಅಂಕಿಗಳಿಗೆ ಕ್ಯಾಲಿಬ್ರೇಷನ್ ಎಂದು ಗುರುತು ಹಾಕುತ್ತಾರೆ. ಗುರುತು ಬಿದ್ದರೆ ಅಲರ್ಟ್ ಹೋಗುವುದಿಲ್ಲ. ಬೇರೆ ಸ್ಥಾವರಗಳಿಗೆ ಇದು ಎಂದೋ ಒಮ್ಮೆ ಬೇಕಾಗುತ್ತಿತ್ತು. ಕೇದಾರ ಭಾವನ ಸ್ಥಾವರಕ್ಕೆ ದೀಪಾವಳಿ ಕಳೆದದ್ದೇ ದಿನಾ ಸಂಜೆ ಬೇಕಾಗತೊಡಗಿತ್ತು.

ಕೇದಾರ ಅವಳ ಅಕ್ಕ ಶಾಮಲಾಳ ಗಂಡ. ಇವರಂತೆ ಧಾರವಾಡದವನೇ, ಪುಣೆಯಿಂದ ಪೂರ್ವಕ್ಕೆ ರೈಲಿನಲ್ಲಿ ಅರ್ಧ ದಿನದ ಹಾದಿಯಲ್ಲಿರುವ ಆ ಸ್ಥಾವರದಲ್ಲಿ ಸಂಜೆ ಪಾಳಿಯ ಇನ್‌ಚಾರ್ಜ್. ನೀಲಿಮಾ ಇಂಜಿನಿಯರಿಂಗ್ ಕೊನೆಯ ವರ್ಷ ಫೇಲಾಗಿ ಮೂಲೆ ಹಿಡಿದು ಕೂತಿದ್ದಾಗ ಅವಳನ್ನು ತಮ್ಮ ಕಾಲನಿಯ ಮನೆಗೆ ಕರೆದೊಯ್ದು, ದಿನಾ ಬೆಳಿಗ್ಗೆ ಪಾಠ ಹೇಳಿ, ಪರೀಕ್ಷೆಗೆ ಬೈಕಿನ ಮೇಲೆ ತಾನೇ ಬಿಟ್ಟುಬಂದವನು ಈ ಭಾವ. ಪುಣೆಯ ಕಂಪನಿಯಲ್ಲಿ ಅವಳ ಹೆಸರು ಹೇಳಿದವನೂ ಅವನೇ. ಅವನ ಎದುರು ಅವಳು ಕುರ್ಚಿಯ ಮೇಲೆ ಕೂತು ಮಾತಾಡಿದವಳಲ್ಲ.

ಮೊದಲ ಸಲ ಕೇಳಿದಾಗ ಅವನು ಮುಚ್ಚಿಡಲಿಲ್ಲ. ಹೊಗೆಗೆ ಅಮೋನಿಯಾ ಸಿಂಪಡಿಸಿ ಆ ಕೆಟ್ಟ ಅನಿಲವನ್ನು ಕಡಿಮೆ ಮಾಡುವ ಯಂತ್ರ ತಮ್ಮಲ್ಲಿದೆ, ಅದು ಕೆಟ್ಟು ಕೂತಿದೆ, ಬದಲಿ ಪಂಪಿಗೆ ಆರ್ಡರ್ ಹೋಗಿದೆ, ಬರುವ ತನಕ ಸಂಜೆಯ ಹೊತ್ತು ಸಂಭಾಳಿಸಬೇಕು ಎಂದ. ಸಂಜೆ ಊರಿಗೆ ಊರೇ ದೀಪ ಹಚ್ಚುತ್ತದೆ, ಟಿವಿ ಹಾಕುತ್ತದೆ. ಕುಲುಮೆ ಪೂರ್ತಿ ಉರಿಸಲೇಬೇಕು, ಅಂಕಿ ಏರಲೇಬೇಕು. ಹದಿನೈದು ದಿನದ ಮಾತು ಎಂದ. ನೀಲಿಮಾ ಹೂಂ ಅಂದಳು. ಮನೆಯ ಹಿರಿಯರು ಒಂದು ಸಹಾಯ ಕೇಳಿದಾಗ ಅದಕ್ಕೆ ನಿಯಮ ತೋರಿಸುವುದು ಅವರ ಮನೆತನದಲ್ಲಿ ಯಾರಿಗೂ ಬರುತ್ತಿರಲಿಲ್ಲ. ಬಟನ್ ಒತ್ತಿದ ಮೇಲೆ ಭಾವ ಪೂರ್ವಾಳನ್ನು ಕೇಳುತ್ತಿದ್ದ, ನೀಲಿಮಾಳ ಗಂಡನನ್ನು ಕೇಳುತ್ತಿದ್ದ, ಇವತ್ತೇನು ಪಲ್ಯ ಎಂದು ಕೇಳುತ್ತಿದ್ದ. ಹೀಗೆ ಅದೊಂದು ಮನೆಮಾತಿನ ಫೋನೇ ಆಗಿಹೋಯಿತು.

ಚಳಿ ಬಿದ್ದಂತೆ ಪೂರ್ವಾಳಿಗೆ ಉಸಿರಾಟದ ತೊಂದರೆ ಶುರುವಾಯಿತು. ಮೂರು ವರ್ಷದ ಮಗು. ಎದೆಯ ಗೂಡು ಒಳಗೆ ಎಳೆದುಕೊಂಡು, ಕುತ್ತಿಗೆಯ ಕೆಳಗೆ ಗುಳಿ ಬೀಳಿಸಿಕೊಂಡು ಉಸಿರಾಡುವುದನ್ನು ನೋಡುತ್ತ ಕೂರುವುದೆಂದರೆ ಏನೆಂದು ನೀಲಿಮಾಳಿಗೆ ಅದರ ಮುಂಚೆ ಗೊತ್ತಿರಲಿಲ್ಲ. ಔಷಧಿಯನ್ನು ಆವಿಯಾಗಿಸಿ ಮೂಗಿಗೆ ಕೊಡುವ ನೆಬ್ಯುಲೈಜರ್ ಮನೆಗೆ ಬಂತು. ಪರದೆಗಳು ಹೋದವು, ಬಟ್ಟೆಯ ಗೊಂಬೆಗಳು ಹೋದವು. ಕಾರಣ ಏನು ಎಂದು ಡಾಕ್ಟರನ್ನು ಕೇಳಿದರೆ ಅವರು ಕಿಟಕಿಯ ಕಡೆ ಕೈ ತೋರಿಸಿ, ಗಾಳಿ ಎಂದರು. ಯಾವ ಗಾಳಿ ಎಂದು ನೀಲಿಮಾ ಕೇಳಿದಳು. ಡಾಕ್ಟರ್ ನಕ್ಕರು, ಅವಳು ಹಾಸ್ಯ ಮಾಡುತ್ತಿದ್ದಾಳೆ ಅಂದುಕೊಂಡರೋ ಏನೋ.

ಅವಳಿಗೆ ಬೇಕಾದ್ದಕ್ಕಿಂತ ಹೆಚ್ಚೇ ಗೊತ್ತಿತ್ತು. ಕೆಲಸಕ್ಕೆ ಸೇರಿದಾಗ ಕಂಪನಿಯವರೇ ಕಲಿಸಿದ್ದರು. ಎತ್ತರದ ಚಿಮಣಿಯ ಹೊಗೆ ಬುಡದ ಊರಿನ ಮೇಲೆ ಬೀಳುವುದು ಕಡಿಮೆ, ಅದು ಗಾಳಿಯ ಜೊತೆ ದೂರ ದೂರ ಹೋಗುತ್ತದೆ; ಹೋಗುತ್ತ ಹೋಗುತ್ತ ಆ ಅನಿಲ ಬಿಸಿಲಿಗೆ ಕಾದು, ಬೇರೆ ಆವಿಗಳ ಜೊತೆ ಬೆರೆತು, ಎದೆ ಸುಡುವ ಮಬ್ಬಾಗುತ್ತದೆ. ಚಳಿಗಾಲದಲ್ಲಿ ಪುಣೆಗೆ ಗಾಳಿ ಬೀಸುವುದು ಪೂರ್ವದಿಂದ. ಮಧ್ಯಾಹ್ನ ಬಾಲ್ಕನಿಯಲ್ಲಿ ನಿಂತರೆ ದೂರದ ಗುಡ್ಡ ಕಾಣುತ್ತಿರಲಿಲ್ಲ. ಆ ಮಬ್ಬಿನಲ್ಲಿ ರಸ್ತೆಯ ಹೊಗೆ ಇತ್ತು, ಕಟ್ಟುತ್ತಿರುವ ಬಿಲ್ಡಿಂಗುಗಳ ಧೂಳಿತ್ತು, ಕಸ ಸುಟ್ಟದ್ದಿತ್ತು. ಭಾವನ ಚಿಮಣಿಯದು ಎಷ್ಟಿತ್ತು?

ಗಂಡ ಮಧುಕರ್ ಮೈಸೂರಿನ ಕಡೆಯವನು. ಅವನದೂ ಹಿಂಜವಾಡಿಯಲ್ಲೇ ಕೆಲಸ, ಬೇರೆ ಕಂಪನಿ. ಅವನಿಗೆ ಒಂದು ದಿನ ಎಲ್ಲ ಹೇಳಿದಳು. ಅವನು ಮಗಳ ಮೂಗಿಗೆ ಮಾಸ್ಕ್ ಹಿಡಿದುಕೊಂಡೇ ಕೇಳಿದ.

"ನೀಲಿಮಾ, ಇಷ್ಟು ದೊಡ್ಡ ಸಿಟೀಲಿ ಒಂದು ಬಟನ್ನಿಂದ ಏನಾಗುತ್ತೆ ಹೇಳು. ನೀನು ಸುಮ್ನೆ ಎಲ್ಲಾನೂ ನಿನ್ನ ತಲೆ ಮೇಲೇ ಎಳ್ಕೋತೀಯ."

"ಏನೂ ಆಗಂಗಿಲ್ಲಂದ್ರ ಆ ಮಿತಿ ಯಾಕ ಮಾಡ್ಯಾರ?"

ಅವನು ಮಗಳ ಮಾಸ್ಕ್ ಸರಿಪಡಿಸಿದ. ಬೇಕಾದರೆ ಕೆಲಸ ಬಿಟ್ಟುಬಿಡು ಎಂದ. ತಾನು ಬಿಟ್ಟರೆ ಬಟನ್ ಇನ್ನೊಬ್ಬರು ಒತ್ತುತ್ತಾರೆ, ಗಾಳಿ ಅದೇ ಇರುತ್ತದೆ ಎಂದು ಅವಳಿಗೆ ಅನಿಸಿತು.

ಹದಿನೈದು ದಿನ ಕಳೆದು ತಿಂಗಳಾಯಿತು, ತಿಂಗಳು ಕಳೆದು ಸಂಕ್ರಾಂತಿ ಬಂತು. ಪಂಪು ಬಂತೇನ್ರಿ ಎಂದು ಅವಳು ಕೇಳುವುದು, ಬರೂದರಾಗ ಅದ ಎಂದು ಭಾವ ಹೇಳುವುದು. ಒಮ್ಮೆ ಧೈರ್ಯ ಮಾಡಿ ಪೂರ್ವಾಳ ಉಸಿರಿನ ಸುದ್ದಿ ಎತ್ತಿದಳು. ಭಾವ ನಿಜವಾಗಿಯೂ ನೊಂದುಕೊಂಡ. ಧಾರವಾಡದ ಒಬ್ಬ ವೈದ್ಯರ ಹೆಸರು ಹೇಳಿದ, ರಾತ್ರಿ ಎದೆಗೆ ಎಣ್ಣೆ ಬೆಚ್ಚಗೆ ಮಾಡಿ ಹಚ್ಚು ಎಂದ. ಆಮೇಲೆ ಮೆಲ್ಲಗೆ, ನಗುತ್ತಲೇ, "ನೀಲೂ, ಆಕಿ ಮೂಗಿಗೆ ಹಿಡಿಯೂ ಮಷೀನ್ ನಡಿಯೂದೂ ನಮ್ಮ ಕರೆಂಟಿನ ಮ್ಯಾಲೇ, ನೆನಪಿಡು," ಎಂದ. ಅದು ಚುಚ್ಚುಮಾತೋ ಸಮಾಧಾನವೋ ಅವಳಿಗೆ ತಿಳಿಯಲಿಲ್ಲ. ಆ ಸಂಜೆಯೂ ಒತ್ತಿದಳು.

ಸಂಕ್ರಾಂತಿ ಮುಗಿದ ವಾರ, ಅವಳು ಕಡಲೆಹಿಟ್ಟಿನ ಜುಣಕ ತಿರುವುತ್ತಿದ್ದಾಗ ಫೋನು ಬಂತು. ಭಾವನ ದನಿಯಲ್ಲಿ ಹಬ್ಬ ಇನ್ನೂ ಇತ್ತು.

"ನೀಲೂ, ನಿನಗ ಪೇಢೆ ತಿನ್ನಸಬೇಕು. ದೀಪಾವಳಿಯಿಂದ ಮಂಡಳಿಗೆ ಒಂದೂ ಅಲರ್ಟ್ ಹೋಗಿಲ್ಲ. ನಮ್ಮ ಸಾಹೇಬರು ಅದನ್ನ ತೋರಿಸಿ ಮಂಡಳಿಗೆ ಅರ್ಜಿ ಹಾಕ್ಯಾರ. ಅಮೋನಿಯಾ ಇಲ್ಲದನ ಹೊಗಿ ಮಿತಿಯೊಳಗ ಅದ, ಮತ್ತ ಆ ಮಷೀನ್ ಯಾಕ ಬೇಕು ಅಂತ."

ನೀಲಿಮಾ ಒಲೆ ಆರಿಸಿದಳು.

"ಮತ್ತ ಪಂಪು? ಬರೂದಿತ್ತಲ್ರಿ ಭಾವಾರ."

"ಆರ್ಡರ್ ರದ್ದ ಮಾಡಿದ್ರು. ಇನ್ನ ಯಾಕ ಅದು?"

ಅವನಿಗೆ ಅದರಲ್ಲಿ ಏನೂ ತಪ್ಪು ಕಾಣುತ್ತಿರಲಿಲ್ಲ ಎಂಬುದೇ ಅವಳನ್ನು ಹೆಚ್ಚು ಹೆದರಿಸಿತು. ಒಂದು ಕೆಟ್ಟ ಯಂತ್ರ ರಿಪೇರಿಯಾಗುವ ತನಕ ಅಂತ ತಾನು ಒತ್ತಿದ್ದೇ ಆ ಯಂತ್ರ ರಿಪೇರಿ ಬೇಡ ಎನ್ನುವುದಕ್ಕೆ ಸಾಕ್ಷಿಯಾಗಿ ನಿಂತಿತ್ತು. ತಾನು ಸಹಾಯ ಮಾಡದೆ ಇದ್ದಿದ್ದರೆ ಮೊದಲ ವಾರವೇ ಅಲರ್ಟ್ ಹೋಗುತ್ತಿತ್ತು, ಮಂಡಳಿಯವರು ಕೇಳುತ್ತಿದ್ದರು, ಪಂಪು ಎಂದೋ ಬಂದು ಕೂರುತ್ತಿತ್ತು. ಇನ್ನು ಪ್ರತಿ ಚಳಿಗಾಲವೂ ಹೀಗೆಯೇ. ಪೂರ್ವಾ ಶಾಲೆಗೆ ಹೋಗುವಾಗಲೂ, ದೊಡ್ಡವಳಾದಾಗಲೂ.

"ಇವತ್ತ ನಾ ಹಾಕಂಗಿಲ್ರಿ, ಭಾವಾರ," ಎಂದಳು. ತನ್ನ ದನಿ ತನಗೇ ಬೇರೆಯವರದೆನಿಸಿತು.

ಆ ಕಡೆ ಅವನು ಸಿಟ್ಟಿಲ್ಲದೆ, ಆತು ಬಿಡವಾ, ಎಂದು ಫೋನಿಟ್ಟ. ಬೈದಿದ್ದರೆ ಚೆನ್ನಾಗಿತ್ತು. ಅದರ ಹಿಂದೆಯೇ ಅಕ್ಕನ ಫೋನು.

"ಅವರು ನಿನಗ ಕೈ ಮುಗದು ಕೇಳಬೇಕೇನ? ಅಲರ್ಟ್ ಹೋದ್ರ ಯಾರ ಹೆಸರು ಬರತದ ಗೊತ್ತದ ಏನ? ಸಾಹೇಬರದಲ್ಲ, ಆ ಹೊತ್ತಿಗೆ ಡ್ಯೂಟಿ ಮ್ಯಾಲೆ ಇದ್ದವರದ."

"ಅಕ್ಕಾ, ಪೂರ್ವಾ ಉಸಿರಾಡೂದು ನೀ ನೋಡಿಲ್ಲ."

"ಪುಣಾದಾಗ ಅಷ್ಟು ಗಾಡಿ ಅವ, ಎಲ್ಲಿ ನೋಡಿದ್ರೂ ಬಿಲ್ಡಿಂಗ್ ಕಟ್ಟಲಿಕ್ಕೆ ಹತ್ಯಾರ. ಅವೆಲ್ಲಾ ಬಿಟ್ಟು ನಿನಗ ನನ್ನ ಗಂಡನ ಚಿಮಣೀನ ಕಂಡತೇನ?"

ಅಕ್ಕ ಹೇಳಿದ್ದು ನಿಜವಿದ್ದರೂ ಇರಬಹುದು. ನೀಲಿಮಾ ಅಳುತ್ತಿದ್ದಳು, ಅಕ್ಕನೂ ಅಳುತ್ತಿದ್ದಳು, ಇಬ್ಬರೂ ಫೋನ್ ಇಡಲಿಲ್ಲ. ಲ್ಯಾಪ್‌ಟಾಪಿನಲ್ಲಿ ಅಂಕಿ ಏರುತ್ತ ಹೋಗಿ ಕೆಂಪಾಯಿತು. ಅವಳು ಬಟನ್ ಮುಟ್ಟಲಿಲ್ಲ. ಮಿತಿ ದಾಟಿತು, ದಾಟಿ ನಿಂತಿತು, ಇನ್ನೇನು ಅಲರ್ಟ್ ಹೋಗಬೇಕು ಎನ್ನುವಾಗ ಆ ಸಾಲಿನ ಮೇಲೆ ಕ್ಯಾಲಿಬ್ರೇಷನ್ ಎಂಬ ಗುರುತು ತಾನಾಗಿ ಬಂದು ಕೂತಿತು. ಆಫೀಸಿನಲ್ಲಿ ಕೂತ ಟೀಮ್ ಲೀಡ್ ಹಾಕಿದ್ದ. ಸ್ಥಾವರದವರು ಅವನಿಗೂ ಫೋನ್ ಮಾಡಿದ್ದರು.

ಮರುದಿನ ಅವನನ್ನು ಕೇಳಿದಳು. ಅವನು ಮರಾಠಿಯಲ್ಲಿ, ತೀರಾ ಸಹಜವಾಗಿ ಹೇಳಿದ: ಗ್ರಾಹಕರು ಕ್ಯಾಲಿಬ್ರೇಷನ್ ಅಂದರೆ ನಮಗೆ ಕ್ಯಾಲಿಬ್ರೇಷನ್; ಅವರ ಚಿಮಣಿ ಹತ್ತಿ ನೋಡುವುದು ನಮ್ಮ ಕೆಲಸವಲ್ಲ. ನಿನಗೆ ಮೈ ಹುಷಾರಿಲ್ಲದಿದ್ದರೆ ಎರಡು ದಿನ ರಜೆ ತಗೋ. ಅವನು ಕೆಟ್ಟವನೇನಲ್ಲ. ಅವನ ಟಿಫಿನ್ನಿನಿಂದ ಅವಳು ಎಷ್ಟೋ ಸಲ ಥಾಲಿಪೀಠ ತಿಂದಿದ್ದಳು. ಅವಳು ಒತ್ತಿದರೂ ಗುರುತು ಬೀಳುತ್ತದೆ, ಒತ್ತದಿದ್ದರೂ ಬೀಳುತ್ತದೆ. ಅದು ಅರ್ಥವಾದ ಮೇಲೆ ಕ್ಯಾಂಟೀನಿನಲ್ಲಿ ಕೂತು ಚಹಾ ಆರುವ ತನಕ ಲೋಟವನ್ನೇ ನೋಡುತ್ತಿದ್ದಳು. ಸ್ಥಾವರದ ಅರ್ಜಿಯ ಮೇಲೆ ಸೋಮವಾರ ಮಂಡಳಿಯ ತೀರ್ಮಾನವಂತೆ, ಅದನ್ನೂ ಟೀಮ್ ಲೀಡೇ ಹೇಳಿದ್ದ. ಅಂದು ಶುಕ್ರವಾರ.

ಮಧ್ಯಾಹ್ನ, ಹಗಲು ಪೂರ್ವಾಳನ್ನು ನೋಡಿಕೊಳ್ಳುವ ಪಾಳಣಾಘರದ ಹೆಂಗಸು ಫೋನ್ ಮಾಡಿದಳು. ಮಕ್ಕಳನ್ನು ಬಿಸಿಲಿಗೆ ಅಂಗಳಕ್ಕೆ ಬಿಟ್ಟಿದ್ದರು, ಪೂರ್ವಾಳಿಗೆ ಉಸಿರು ಹಿಡಿಯಿತು, ಇನ್ಹೇಲರ್ ಕೊಟ್ಟರೂ ಇಳಿಯುತ್ತಿಲ್ಲ, ಲಗೂನ ಬರಬೇಕು. ಹಿಂಜವಾಡಿಯಿಂದ ನಿಗಡಿಗೆ ರಿಕ್ಷಾದಲ್ಲಿ ಬರುವಷ್ಟರಲ್ಲಿ ನೀಲಿಮಾ ಎಷ್ಟು ದೇವರಿಗೆ ಹರಕೆ ಹೊತ್ತಳೋ ಅವಳಿಗೇ ಗೊತ್ತಿಲ್ಲ. ಪ್ರತಿ ಸಿಗ್ನಲ್ಲಿನಲ್ಲೂ ರಿಕ್ಷಾದವನು ಕನ್ನಡಿಯಲ್ಲಿ ಅವಳ ಮುಖ ನೋಡಿ ಹಾರ್ನ್ ಒತ್ತಿದ.

ಆಸ್ಪತ್ರೆಯಲ್ಲಿ ಮಗುವಿಗೆ ಆಮ್ಲಜನಕ ಹಚ್ಚಿದರು. ತುಟಿ ನೀಲಿಯಾಗಿದ್ದದ್ದು ಮೆಲ್ಲಗೆ ಬಣ್ಣಕ್ಕೆ ಬಂತು. ಡಾಕ್ಟರ್ ಈ ಸಲ ನಗಲಿಲ್ಲ. ರಾತ್ರಿ ಇಲ್ಲೇ ಇರಲಿ ಎಂದರು. ಹೀಗೆಯೇ ಬರುತ್ತಿದ್ದರೆ ಒಮ್ಮೆ ತರುವುದು ತಡವಾದೀತು ಎಂದೂ ಅಂದರು. ಮಧುಕರ್ ದಾರಿಯಲ್ಲಿ ಸಿಕ್ಕಿಕೊಂಡಿದ್ದ. ಪೂರ್ವಾ ಸುಸ್ತಾಗಿ ನಿದ್ದೆ ಹೋಗಿದ್ದಳು. ನಿದ್ದೆಯಲ್ಲೂ ಪಕ್ಕೆಲುಬು ಒಳಗೆ ಎಳೆಯುತ್ತಿತ್ತು.

ನೀಲಿಮಾ ಮೆಟ್ಟಿಲ ಕಡೆಗೆ ಬಂದಳು. ಅಲರ್ಟ್ ಹೋಗಬೇಕಾದ ಅಧಿಕಾರಿಯ ನಂಬರು ಅವಳ ಕೆಲಸದ ಪರದೆಯ ಮೇಲೆ ಯಾವಾಗಲೂ ಇತ್ತು. ಎಷ್ಟೋ ಸಂಜೆ ಅದನ್ನು ನೋಡಿ ಕಣ್ಣು ಹೊರಳಿಸಿದ್ದಳು. ಈಗ ಮೊಬೈಲಿನಲ್ಲಿ ಆ ಪರದೆಯನ್ನೇ ತೆರೆದು ನಂಬರು ಒತ್ತಿದಳು. ರಿಂಗಾಗುವಾಗ ಇಟ್ಟುಬಿಡಲೇ ಅನ್ನಿಸಿತು. ಮಗಳ ಉಬ್ಬಸ ಆ ಚಿಮಣಿಯಿಂದಲೇ ಬಂದದ್ದು ಎಂದು ಆಣೆ ಹಾಕಿ ಹೇಳಬಲ್ಲೆಯಾ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನಬೇಕಾಗಿತ್ತು.

ಆ ಕಡೆ ಒಬ್ಬ ಗಂಡಸು ದಣಿದ ದನಿಯಲ್ಲಿ, "ಬೋಲಾ," ಹೇಳಿ, ಎಂದ.

ಅವಳು ಮರಾಠಿಯಲ್ಲಿ ತನ್ನ ಹೆಸರು ಹೇಳಿದಳು, ಕಂಪನಿಯ ಹೆಸರು ಹೇಳಿದಳು, ಸ್ಥಾವರದ ಹೆಸರು ಹೇಳಿದಳು. ಸಂಜೆಯ ಹೊತ್ತು ನೀವು ನೋಡುತ್ತಿರುವುದು ಕ್ಯಾಲಿಬ್ರೇಷನ್ ಅಲ್ಲ, ಅದು ಚಿಮಣಿಯದೇ ಅಂಕಿ ಎಂದಳು. ಅಮೋನಿಯಾದ ಯಂತ್ರ ದೀಪಾವಳಿಯಿಂದ ನಿಂತಿದೆ, ಅಂದಿನಿಂದ ದಿನಾ ಸಂಜೆ ಮಿತಿ ದಾಟುತ್ತಿದೆ. ದಯವಿಟ್ಟು ಸೋಮವಾರಕ್ಕೆ ಮುಂಚೆ ಯಾರಾದರೂ ಹೋಗಿ ನೋಡಿ.

ಆತ ಎದ್ದು ಬಾಗಿಲು ಹಾಕಿದ ಸದ್ದು ಕೇಳಿಸಿತು. ಆ ಗುರುತು ಹಾಕುವವರು ಯಾರು ಎಂದು ಕೇಳಿದ.

"ನಾನೇ," ಎಂದಳು. ಗಾಬರಿಯಲ್ಲಿ ಕನ್ನಡವೇ ಬಂತು. ಮತ್ತೆ ಮರಾಠಿಯಲ್ಲಿ ಹೇಳಿದಳು.

ಸ್ಥಾವರದಿಂದ ಫೋನ್ ಮಾಡಿ ಹಾಕಿಸುವವರು ಯಾರು, ಎಂದು ಆತ ಮತ್ತೆ ಕೇಳಿದ.

ಒಳಗೆ ಮಗು ಕೆಮ್ಮಿತು. ನೀಲಿಮಾ ಗೋಡೆಗೆ ಒರಗಿದಳು.

"ಕೇದಾರ," ಎಂದಳು.

ಅಡ್ಡಹೆಸರು, ಮನೆತನದ ಹೆಸರು, ಎಂದ ಆತ.

ಅದು ಅಕ್ಕನ ಅಡ್ಡಹೆಸರೂ ಹೌದು. ನೀಲಿಮಾ ಅದನ್ನು ನಿಧಾನವಾಗಿ, ಆತನಿಗೆ ಸರಿಯಾಗಿ ಕೇಳಿಸುವಂತೆ ಹೇಳಿದಳು.