ದರ್ಜಿಯಮ್ಮ ಮಾತು ಬಿಟ್ಟದ್ದು

ಮನೆಮನೆಗೆ ಹೋಗಿ, ಮಕ್ಕಳು ಫೋನಿನಲ್ಲಿ ಏನು ಮಾಡುತ್ತಾರೆಂದು ವಿಚಾರಿಸುವುದು ನನ್ನ ಹೊಟ್ಟೆಪಾಡು. ಊರ ಉಸಾಬರಿಗೂ ಸಂಬಳ ಕೊಡುವವರಿದ್ದಾರೆ, ನೋಡಿ. ಪದ್ಧತಿ ಇಷ್ಟೇ: ಮೊದಲು ತಾಯಿಯ ಜೊತೆ ಮಾತು, ಆಮೇಲೆ ಮಕ್ಕಳ ಜೊತೆ. ಕೊನೆಗೆ ಎಲ್ಲರನ್ನೂ ಕೂರಿಸಿ, ಫೋನಿನಲ್ಲಿ ತಮಗೆ ಹೆಮ್ಮೆ ತಂದದ್ದೊಂದನ್ನು ತಾಯಿಗೆ ತೋರಿಸಲು ಮಕ್ಕಳಿಗೆ ಹೇಳಬೇಕು.

ದರ್ಜಿಯಮ್ಮನದು ಎರಡೇ ಕೋಣೆಯ ಮನೆ. ಕಿಟಕಿಯ ಕೆಳಗೆ ಹೊಲಿಗೆ ಮಿಷನ್, ನೆಲದ ತುಂಬ ಬಟ್ಟೆ ಚೂರು. ಗಂಡ ತೀರಿಕೊಂಡ ಮೇಲೆ ಆ ಮಿಷನ್ ತುಳಿದೇ ಮಗಳನ್ನು ಕಾಲೇಜಿನವರೆಗೆ ತಂದವಳು. ತುಳಿಯುತ್ತ ಗಂಡನ ಜೊತೆ ಮಾತಾಡುತ್ತಿದ್ದಳು, ಅವನು ಪಕ್ಕದಲ್ಲೇ ಕೂತಿದ್ದಾನೇನೋ ಎಂಬಂತೆ.

"ಹುಚ್ಚು ಅನ್ಕೋಬೇಡಮ್ಮ. ಇದೊಂದು ಇಲ್ದಿದ್ರೆ ಎಂದೋ ಗೋಡೆಗೆ ತಲೆ ಚಚ್ಕೊಂಡಿರ್ತಿದ್ದೆ," ಎಂದು ನಕ್ಕಳು. "ಈಗೀಗ ಗಿರಾಕಿಗಳೂ ಜಾಸ್ತಿ. ಬಂದವರೆಲ್ಲ ನಗ್‌ನಗ್ತಾ ಮಾತಾಡಿಸ್ತಾರೆ. ಎಲ್ಲ ಕೈಗುಣ!"

ಒಳಕೋಣೆಯಲ್ಲಿ ಮಗಳು ಆ ನಗುವಿನ ಮೂಲ ತೋರಿಸಿದಳು. ಬಾಗಿಲ ಸಂದಿಯಿಂದ ಕದ್ದು ತೆಗೆದ ವಿಡಿಯೊಗಳು. ಸತ್ತ ಗಂಡನಿಗೆ "ಹಸಿವಾಯ್ತಾ?" ಎನ್ನುವ ತಾಯಿ, ಹಿನ್ನೆಲೆಯಲ್ಲಿ ಭೂತದ ಸಿನಿಮಾದ ಸಂಗೀತ. ಲಕ್ಷಗಟ್ಟಲೆ ಜನ ನೋಡಿದ್ದರು.

"ದೆವ್ವದ ಹೆಂಡ್ತಿ ಅಂತ ಅಮ್ಮ ಫೇಮಸ್ಸು, ಅಕ್ಕ!"

ಕೆನ್ನೆಗೆ ಬಾರಿಸಬೇಕೆನ್ನಿಸಿತು. ಆದರೆ ಪ್ರಶ್ನೆ ಕೇಳುವವರು ತೀರ್ಪು ಕೊಡಬಾರದಂತೆ.

ಕೊನೆಯ ಸುತ್ತಿನಲ್ಲಿ, ಬೇರೆ ಏನಾದರೂ ತೋರಿಸೇ ಎಂದು ಕಣ್ಣಲ್ಲೇ ಬೇಡಿಕೊಂಡೆ. ಅವಳಿಗಿದ್ದ ಹೆಮ್ಮೆ ಅದೊಂದೇ. ಫೋನು ತಾಯಿಯ ಕೈಗೆ ಹೋಯಿತು.

ದರ್ಜಿಯಮ್ಮ ಪೂರ್ತಿ ನೋಡಿದಳು. ಕೆಳಗೆ ಜನ ಬರೆದದ್ದನ್ನೂ ಒಂದೊಂದಾಗಿ ಓದಿದಳು.

"ಜನ ನಿಮ್ಮಪ್ಪನ್ನೂ ಸೇರ್ಸಿ ನಕ್ರೇನೇ?"

"ಅಯ್ಯೋ, ತಮಾಷೆಗಮ್ಮ! ನಿನ್ನ ಗಿರಾಕಿಗಳೆಲ್ಲ ಬಂದಿದ್ದೇ ಇದ್ರಿಂದ," ಎಂದಳು ಮಗಳು.

ನಾನು ಎರಡನೆಯ ಭೇಟಿಗೆ ಹೋದಾಗ ಮಿಷನ್ ಓಡುತ್ತಿತ್ತು. ದರ್ಜಿಯಮ್ಮ ತುಟಿ ಬಿಗಿದು ಹೊಲಿಯುತ್ತಿದ್ದಳು. "ಹೇಗಿದ್ದೀರಮ್ಮ?" ಎಂದರೆ ತಲೆಯಾಡಿಸಿದಳು, ಅಷ್ಟೇ. ಗಂಡನ ಜೊತೆಗೂ ಮಾತು ಬಿಟ್ಟಿದ್ದಳು. ಇದ್ದ ಒಂದು ಆಸರೆಯೂ ಹೋಯಿತಲ್ಲ.

ಮಗಳು ನನ್ನನ್ನು ಪಕ್ಕಕ್ಕೆ ಎಳೆದಳು. ಅವಳ ಕಣ್ಣಲ್ಲಿ ನೀರಿತ್ತು. "ಅವತ್ತಿಂದ ಅಮ್ಮ ತುಟಿ ಪಿಟಿಕ್ ಅಂತಿಲ್ಲ, ಅಕ್ಕ. ವಿಡಿಯೊ ನೋಡೋ ಜನ ಎಲ್ಲ ಬಿಟ್ಟು ಹೋಗ್ತಿದಾರೆ."

ಮರುಕ್ಷಣವೇ ಕಣ್ಣೊರೆಸಿಕೊಂಡು ಬಾಗಿಲ ಹಿಂದೆ ಸರಿದು, ಫೋನು ಎತ್ತಿ ಹಿಡಿದಳು.

"ನೀವು ಅಪ್ಪನ ವಿಷ್ಯ ತೆಗೀರಿ," ಎಂದು ಪಿಸುಗುಟ್ಟಿದಳು. "ಅಮ್ಮ ಅತ್ರೂ ನಡಿಯುತ್ತೆ."